ಸ್ಮಾಲ್‌ಮೌತ್ ಬಾಸ್ ಹೊಳೆಯಲ್ಲಿ ಎಲ್ಲಿರುತ್ತದೆ? ಹಾಯ್ದು ಹಿಡಿಯಬೇಕೇ, ಕಯಾಕ್ ಎಂಬ ಪುಟ್ಟ ದೋಣಿ ಬೇಕೇ?

ಪ್ರಶ್ನೆ: ನಾನು ಅಮೆರಿಕದ ವರ್ಜೀನಿಯಾದ ಆಶ್‌ಬರ್ನ್‌ನಲ್ಲಿದ್ದೇನೆ. ಊರು ಕೆ.ಆರ್. ನಗರದ ಹತ್ತಿರ. ಚಿಕ್ಕವನಿದ್ದಾಗ ಕಾವೇರಿ ದಂಡೆಯಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕಿದ್ದು ಬಿಟ್ಟರೆ ಬೇರೆ ಅನುಭವವಿಲ್ಲ. ಇಲ್ಲಿ ಆಫೀಸಿನವರ ಮಾತು ಕೇಳಿ ಸ್ಮಾಲ್‌ಮೌತ್ ಬಾಸ್ ಎಂಬ ಹೊಳೆಮೀನು ಹಿಡಿಯುವ ಆಸೆ ಹುಟ್ಟಿದೆ. ಕಳೆದ ಬೇಸಿಗೆಯಲ್ಲಿ ಕೆಲವು ಸಲ ಶೆನಂಡೋವಾ ನದಿಗೆ ಹೋದೆ. ಬೆಂಟನ್‌ವಿಲ್ ಸೇತುವೆ ಹತ್ತಿರ ಕಾರು ನಿಲ್ಲಿಸಿ ದಂಡೆಯಿಂದಲೇ ಬೀಸಿದೆ. ಅಂಗೈಯಗಲದ ಸನ್‌ಫಿಶ್ ಬಿಟ್ಟು ಬೇರೇನೂ ಸಿಗಲಿಲ್ಲ. ಒಮ್ಮೆ ಮೊಣಕಾಲುದ್ದ ನೀರಿಗೆ ಇಳಿದು ಜಾರಿ ಬಿದ್ದೆ. ಅಂದಿನಿಂದ ನನ್ನ ಹೆಂಡತಿ, "ಕಯಾಕ್ ಆದ್ರೂ ತಗೊಳ್ಳಿ, ಹೊಳೆಗೆ ಮಾತ್ರ ಇಳೀಬೇಡಿ" ಅನ್ನುತ್ತಾಳೆ. ನನಗೆ ಈಜು ಅಷ್ಟಕ್ಕಷ್ಟೆ. ಒಳ್ಳೆಯ ಸ್ಪಾಟ್ ಎಲ್ಲಿದೆ ಅಂತ ಯಾರೂ ಬಾಯಿ ಬಿಡುವುದಿಲ್ಲ. ಮೀನು ಎಲ್ಲಿರುತ್ತದೆ ಅಂತ ತಿಳಿಯುವುದು ಹೇಗೆ? ಮೀನು ತೋರಿಸುವ ಫಿಶ್ ಫೈಂಡರ್ ಯಂತ್ರ ಬೇಕೇ? ಕಯಾಕ್ ಕೊಳ್ಳಲೇ? ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಹೋಗಬಹುದೇ? ಸಿಕ್ಕಿದ ಮೀನನ್ನು ಸಾರು ಮಾಡಬಹುದೇ?

ಉತ್ತರ: ಯಾರಾದರೂ ನಿಮಗೆ ಸ್ಪಾಟ್‌ನ ಹೆಸರು ಹೇಳಿದ್ದರೂ ಅದು ಹೆಚ್ಚು ದಿನ ಉಪಯೋಗಕ್ಕೆ ಬರುತ್ತಿರಲಿಲ್ಲ. ಜೂನ್‌ನಲ್ಲಿ ಮೀನು ಕಚ್ಚಿದ ಬಂಡೆಯ ಮೇಲೆ ಆಗಸ್ಟ್ ಕೊನೆಗೆ ಪಾದ ಮುಳುಗುವಷ್ಟು ನೀರೂ ಉಳಿದಿರುವುದಿಲ್ಲ. ನೀರಿನ ಮಟ್ಟ, ನೀರಿನ ಬಿಸಿ, ದಿನದ ಹೊತ್ತು, ಇವು ಬದಲಾದಂತೆ ಮೀನು ಜಾಗ ಬದಲಿಸುತ್ತದೆ. ಬೇಸಿಗೆಯಲ್ಲಿ ಅದು ಬಹಳ ದೂರ ಹೋಗುವುದಿಲ್ಲ. ಒಂದೇ ರಿಫಲ್ (ಕಲ್ಲುಗಳ ಮೇಲೆ ನೀರು ತೆಳುವಾಗಿ, ವೇಗವಾಗಿ ಹರಿಯುವ ಭಾಗ) ಮತ್ತು ಅದರ ಕೆಳಗಿನ ಮಡುವಿನೊಳಗೆ ಅತ್ತಿತ್ತ ಸರಿಯುತ್ತಿರುತ್ತದೆ. ಆದರೆ ನಿಮ್ಮ ಗಾಳ ಹತ್ತು ಅಡಿ ಆಚೆ ಬಿದ್ದರೂ ಅದು ಎದ್ದು ಬರುವುದು ಅಪರೂಪ. ಹಾಗಾಗಿ ನೀವು ಕಲಿಯಬೇಕಾದದ್ದು ನೀರನ್ನು ನೋಡಿ ಮೀನಿನ ಜಾಗ ಊಹಿಸುವುದನ್ನು. ಅದು ಒಂದು ಹೊಳೆಯಲ್ಲಿ ಬಂದರೆ ಶೆನಂಡೋವಾ, ಪೊಟೊಮ್ಯಾಕ್, ರಾಪಹಾನಕ್, ಜೇಮ್ಸ್ ಎಲ್ಲ ಕಡೆಯೂ ನಡೆಯುತ್ತದೆ.

ಬೆಂಟನ್‌ವಿಲ್‌ನಲ್ಲಿ ನಿಮಗೆ ಸನ್‌ಫಿಶ್ ಮಾತ್ರ ಸಿಕ್ಕಿದ್ದಕ್ಕೆ ನಿಮ್ಮ ಕೈಚಳಕ ಕಾರಣವಲ್ಲ. ಆ ಮುಳುಗು ಸೇತುವೆಯ ಬಳಿ ಬೇಸಿಗೆಯ ವಾರಾಂತ್ಯದಲ್ಲಿ ಟ್ಯೂಬ್, ಕ್ಯಾನೂ ಇಳಿಸುವವರ ಜಾತ್ರೆಯೇ ಇರುತ್ತದೆ. ದಂಡೆಯಂಚಿನ ತೆಳುವಾದ, ನಿಂತಂತಿರುವ ನೀರು ಸನ್‌ಫಿಶ್‌ಗೆ ಹೇಳಿ ಮಾಡಿಸಿದ ಜಾಗ. ಸ್ಮಾಲ್‌ಮೌತ್‌ಗೆ ಬೇಕಾದದ್ದು ಹೊಳೆಯ ನಡುವೆ, ನೀವು ಬೀಸಿದ ದೂರಕ್ಕೆ ಸಿಗದ ಕಡೆ ಇತ್ತು.

ಕೇಳಿಬರುವ ಮಾತು, ನಿಜ ಸಂಗತಿ

"ದೊಡ್ಡ ಮೀನು ಆಳದ ಮಡುವಿನಲ್ಲಿರುತ್ತದೆ" ಎಂಬುದು ಚಳಿಗಾಲಕ್ಕೆ ಹೊಂದುವ ಮಾತು. ಬೇಸಿಗೆಯಲ್ಲಿ ಆರೆಂಟು ಅಡಿ ಆಳದ ಉದ್ದನೆಯ ಮಡುವಿನ ನಡುಭಾಗ ಬಹುಪಾಲು ಬರಿದಾಗಿರುತ್ತದೆ. ಅಲ್ಲಿ ನೀರು ಚಲಿಸುವುದಿಲ್ಲ, ಆಹಾರ ತೇಲಿ ಬರುವುದಿಲ್ಲ. ಮೀನು ಮಡುವಿನ ತಲೆಯಲ್ಲಿ, ಅಂದರೆ ರಿಫಲ್ ಬಂದು ಬೀಳುವ ಕಡೆ, ಇಲ್ಲವೇ ಬಾಲದಲ್ಲಿ, ಅಂದರೆ ತಳ ಮೇಲೇರಿ ನೀರು ಮತ್ತೆ ತೆಳುವಾಗುವ ಕಡೆ ಸೇರುತ್ತದೆ. ಎರಡೂವರೆ ಮೂರು ಅಡಿ ನೀರು, ತಳದಲ್ಲಿ ಕಲ್ಲು, ಪಕ್ಕದಲ್ಲಿ ಸೆಳವು ಇದ್ದರೆ ಒಂದೂವರೆ ಅಡಿ ಉದ್ದದ ಮೀನಿಗೂ ಅಷ್ಟು ಸಾಕು.

"ಇದು ಟ್ರೌಟ್ ಥರ, ತಣ್ಣೀರಿನ ಮೀನು" ಎಂಬುದೂ ಸರಿಯಲ್ಲ. ನೀರು ಎಪ್ಪತ್ತರಿಂದ ಎಪ್ಪತ್ತೈದು ಡಿಗ್ರಿ ಫ್ಯಾರನ್‌ಹೀಟ್ ಇರುವಾಗ ಇದು ಚೆನ್ನಾಗಿ ತಿನ್ನುತ್ತದೆ. ಎಂಬತ್ತು ದಾಟಿದರೆ ಬೆಳಗಿನ ಜಾವ ಮತ್ತು ಮುಸ್ಸಂಜೆಗೆ ಸೀಮಿತವಾಗುತ್ತದೆ, ಆಮ್ಲಜನಕ ಹೆಚ್ಚಿರುವ ನೊರೆನೀರಿನ ಹತ್ತಿರ ಸರಿಯುತ್ತದೆ.

ಇನ್ನು ಫಿಶ್ ಫೈಂಡರ್. ಮೂರ್ನಾಲ್ಕು ಅಡಿ ನೀರಿನ ಹೊಳೆಯಲ್ಲಿ ಅದಕ್ಕೆ ಕೊಡುವ ಹಣ ದಂಡ. ಯಂತ್ರ ಮೀನಿನ ಮೇಲೆ ಬರುವಷ್ಟರಲ್ಲಿ ಮೀನು ಓಡಿರುತ್ತದೆ. ಅದೇ ಹಣದಲ್ಲಿ ಕಂದು ಬಣ್ಣದ ಗಾಜಿನ ಒಳ್ಳೆಯ ಪೋಲರೈಸ್ಡ್ ಕನ್ನಡಕ ಕೊಳ್ಳಿ. ನೀರಿನ ಮೇಲಿನ ಹೊಳಪು ಹೋಗಿ ತಳದ ಬಂಡೆ, ಗುಂಡಿ, ಹುಲ್ಲು ಕಣ್ಣಿಗೇ ಕಾಣುತ್ತವೆ. ಹಾಯುವಾಗ ಕಾಲಿಡುವ ಜಾಗವೂ ಕಾಣುತ್ತದೆ. ಮೀನು ಹಿಡಿಯುವುದಕ್ಕಿಂತ ಅದೇ ದೊಡ್ಡ ಲಾಭ.

ಮೀನಿಗೆ ಏನು ಬೇಕು

ಸ್ಮಾಲ್‌ಮೌತ್ ಈ ಕಡೆಯ ಮೂಲ ಮೀನಲ್ಲ. ಇದರ ತವರು ಓಹಾಯೋ ಕಣಿವೆ, ಗ್ರೇಟ್ ಲೇಕ್ಸ್, ಮಿಸಿಸಿಪ್ಪಿಯ ಮೇಲ್ಭಾಗ. 1854ರಲ್ಲಿ ಓಹಾಯೋ ಕಣಿವೆಯ ವೀಲಿಂಗ್‌ನ ಹಳ್ಳವೊಂದರಿಂದ ಸುಮಾರು ಮೂವತ್ತು ಮೀನುಗಳನ್ನು ಬಾಲ್ಟಿಮೋರ್ ಅಂಡ್ ಓಹಾಯೋ ರೈಲಿನ ಎಂಜಿನ್‌ಗೆ ನೀರು ತುಂಬಿಡುವ ತೊಟ್ಟಿಯಲ್ಲಿಟ್ಟು ಬೆಟ್ಟ ದಾಟಿಸಿ ತಂದು ಪೊಟೊಮ್ಯಾಕ್ ದಂಡೆಯ ಕಂಬರ್ಲೆಂಡ್‌ನಲ್ಲಿ ಬಿಟ್ಟರು. ಅಲ್ಲಿಂದ ಪೊಟೊಮ್ಯಾಕ್ ಕಣಿವೆಯಲ್ಲೆಲ್ಲ ಇದರ ಸಂತತಿ ಹಬ್ಬಿತು. ಅಷ್ಟು ಸುಲಭವಾಗಿ ನೆಲೆಯೂರಿದ್ದಕ್ಕೆ ಕಾರಣ ತಳದ ಕಲ್ಲು.

ಇದರ ಮುಖ್ಯ ಆಹಾರ ಕ್ರೇಫಿಶ್, ಅಂದರೆ ಸಿಗಡಿಯ ಮೈ, ಏಡಿಯ ಕೊಂಡಿ ಇರುವ ಸಿಹಿನೀರಿನ ಪ್ರಾಣಿ. ಜೊತೆಗೆ ಹೆಲ್ಗ್ರಮೈಟ್ ಎಂಬ ಕಪ್ಪು ನೀರುಹುಳ ಮತ್ತು ಸಣ್ಣ ಮೀನು. ಕ್ರೇಫಿಶ್‌ಗೂ ಹೆಲ್ಗ್ರಮೈಟ್‌ಗೂ ಬಚ್ಚಿಟ್ಟುಕೊಳ್ಳಲು ಮುಷ್ಟಿಯಿಂದ ತೆಂಗಿನಕಾಯಿ ಗಾತ್ರದ, ಅಡಿಯಲ್ಲಿ ಸಂದು ಇರುವ ಕಲ್ಲುಗಳು ಬೇಕು. ಬರೀ ಮರಳು, ಬರೀ ಕೆಸರು ಇರುವ ಕಡೆ ಇವು ಇರುವುದಿಲ್ಲ. ಚಪ್ಪಡಿಯ ಹಾಗೆ ನುಣುಪಾದ ತಳದಲ್ಲೂ ಕಡಿಮೆ. ಹೊಸ ಜಾಗಕ್ಕೆ ಹೋದಾಗ ತೆಳು ನೀರಿನಲ್ಲಿ ನಾಲ್ಕು ಕಲ್ಲು ಎತ್ತಿ ನೋಡಿ, ಮತ್ತೆ ಹಾಗೇ ಇಡಿ. ಏನೂ ಓಡದಿದ್ದರೆ ಅಲ್ಲಿ ಹೊತ್ತು ಕಳೆಯಬೇಡಿ.

ಆಹಾರದ ಜೊತೆಗೆ ಬೇಕಾದದ್ದು ಸೆಳವಿನ ಪಕ್ಕದಲ್ಲೊಂದು ಮರೆ. ಸೆಳವು ಆಹಾರ ತರುತ್ತದೆ, ಆದರೆ ಅದರಲ್ಲೇ ನಿಂತರೆ ಮೀನಿನ ಶಕ್ತಿ ಸೋರಿಹೋಗುತ್ತದೆ. ಆದ್ದರಿಂದ ನಿಧಾನದ ನೀರಿನಲ್ಲಿ ನಿಂತು ವೇಗದ ನೀರಿಗೆ ಬಾಯಿ ಹಾಕುವಂಥ ಜಾಗವನ್ನೇ ಅದು ಹುಡುಕುತ್ತದೆ.

ಒಂದು ಬಂಡೆಸಾಲನ್ನು ಹತ್ತಿರದಿಂದ

ಶೆನಂಡೋವಾದ ಸೌತ್ ಫೋರ್ಕ್ ಎಂಬ ಕವಲಿನಲ್ಲಿ, ಅಂದರೆ ನೀವು ಹೋದ ಬೆಂಟನ್‌ವಿಲ್‌ನ ಹೊಳೆಯಲ್ಲಿ, ಬಂಡೆಯ ಪದರಗಳು ಹೊಳೆಗೆ ಅಡ್ಡವಾಗಿ ಮಲಗಿವೆ. ಇಲ್ಲಿನವರು ಲೆಡ್ಜ್ ಅನ್ನುತ್ತಾರೆ. ಅಂಥ ಒಂದು ಸಾಲಿನ ಮುಂದೆ ನಿಂತಿದ್ದೀರಿ ಎಂದುಕೊಳ್ಳಿ. ಬಂಡೆ ದಂಡೆಯಿಂದ ದಂಡೆಗೆ ಓರೆಯಾಗಿ ಹಾದಿದೆ, ಮೇಲೆ ಒಂದಡಿ ನೀರು. ಎರಡು ಮೂರು ಕಡೆ ಸಾಲು ಒಡೆದು ಕಂಡಿ ಬಿದ್ದಿದೆ, ಹೊಳೆಯ ಹೆಚ್ಚಿನ ನೀರು ಅಲ್ಲಿಂದಲೇ ನುಗ್ಗುತ್ತದೆ. ಕಂಡಿಯ ಕೆಳಗೆ ನೊರೆ ನಾಲಿಗೆಯಂತೆ ಚಾಚಿ, ಹದಿನೈದು ಇಪ್ಪತ್ತು ಅಡಿ ಹೋಗಿ ಕರಗುತ್ತದೆ. ಅಲ್ಲಿ ನೀರು ತಳವನ್ನು ಕೊರೆದು ಮೂರು ನಾಲ್ಕು ಅಡಿಯ ಗುಂಡಿ ಮಾಡಿರುತ್ತದೆ. ನೊರೆಯ ಎಡಕ್ಕೂ ಬಲಕ್ಕೂ ಬಂಡೆಯ ಮರೆಯಲ್ಲಿ ನೀರು ನಿಧಾನವಾಗಿ ಹಿಂದಕ್ಕೆ ತಿರುಗುತ್ತಿರುತ್ತದೆ. ಓಡುವ ನೀರಿಗೂ ತಿರುಗುವ ನೀರಿಗೂ ನಡುವೆ ಒಂದು ಗೆರೆ ಇದೆ. ಎಲೆ, ಗುಳ್ಳೆ ಆ ಗೆರೆ ಹಿಡಿದು ಸಾಲಾಗಿ ಹೋಗುವುದು ಕಾಣುತ್ತದೆ. ಸ್ಮಾಲ್‌ಮೌತ್ ನಿಲ್ಲುವುದು ಆ ಗೆರೆಯ ನಿಧಾನದ ಬದಿಯಲ್ಲಿ, ತಳಕ್ಕೆ ಅಂಟಿದಂತೆ, ಮೂತಿ ಮೇಲ್ದಿಕ್ಕಿಗೆ, ಅಂದರೆ ನೀರು ಹರಿದು ಬರುವ ಕಡೆಗೆ.

ಮೇಲಿನಿಂದ ಇಳಿದು ಬಂದರೆ ಅದರ ಕಣ್ಣೆದುರಿಗೇ ಬಂದಂತಾಗುತ್ತದೆ, ನೀವು ಕದಡಿದ ಕೆಸರೂ ಮುಂದೆ ಹೋಗಿ ಸುದ್ದಿ ಮುಟ್ಟಿಸುತ್ತದೆ. ಕೆಳಗಿನಿಂದ, ಪಕ್ಕದಿಂದ ಬನ್ನಿ. ಮೂವತ್ತು ನಲವತ್ತು ಅಡಿ ದೂರದಲ್ಲಿ ನಿಂತು, ಕಂಡಿಗಿಂತ ಸ್ವಲ್ಪ ಮೇಲಕ್ಕೆ ಎಸೆದು, ನೀರಿನ ಜೊತೆಗೇ ಗೆರೆಯ ಮೇಲೆ ಇಳಿದು ಬರಲು ಬಿಡಿ. ಆರೂವರೆ ಏಳು ಅಡಿಯ ಮೀಡಿಯಂ-ಲೈಟ್ ಸ್ಪಿನ್ನಿಂಗ್ ರಾಡ್, ಆರರಿಂದ ಎಂಟು ಪೌಂಡಿನ ದಾರ, ಎಂಟನೇ ಒಂದು ಔನ್ಸ್ ಜಿಗ್‌ಗೆ (ತಲೆಯಲ್ಲಿ ಭಾರದ ಗುಂಡಿರುವ ಗಾಳಕ್ಕೆ) ಮೂರು ಇಂಚಿನ ಕಂದು ಅಥವಾ ಹಸಿರು ಮಿಶ್ರಿತ ಟ್ಯೂಬ್ (ಮೆತ್ತನೆಯ ಕೃತಕ ಎರೆ) ಇದ್ದರೆ ಮೊದಲ ವರ್ಷಕ್ಕೆ ಬೇರೇನೂ ಬೇಡ. ಜಿಗ್ ಆಗಾಗ ತಳಕ್ಕೆ ತಾಗುತ್ತಾ ಬರಬೇಕು. ಪ್ರತಿ ಸಲವೂ ಕಲ್ಲಿಗೆ ಸಿಕ್ಕಿಕೊಂಡರೆ ಹದಿನಾರನೇ ಒಂದು ಔನ್ಸ್‌ಗೆ ಇಳಿಸಿ. ತಳವೇ ಸಿಗದಿದ್ದರೆ ನೀವು ಮೀನಿನ ತಲೆಯ ಮೇಲಿಂದ ಹೋಗುತ್ತಿದ್ದೀರಿ. ಹೆಚ್ಚಿನವರು ಬರಿಗೈಯಲ್ಲಿ ಮರಳುವುದು ಈ ಕಾರಣಕ್ಕೆ.

ಒಂದು ಕಂಡಿಗೆ ಐದಾರು ಸಲ ಎಸೆದು ಮುಂದಿನದಕ್ಕೆ ಹೋಗಿ. ಸಂಜೆಯಾದ ಮೇಲೆ ಬಂಡೆಸಾಲಿನ ಮೇಲ್ಭಾಗದ ಅಂಚನ್ನೂ ಬಿಡಬೇಡಿ. ನೀರು ಬಂಡೆಗೆ ಬಡಿದು ಮೇಲೇರುವ ಮುನ್ನ ಅಲ್ಲಿ ಒಂದು ಮೆತ್ತನೆಯ ಜಾಗವಿರುತ್ತದೆ, ಬೆಳಕು ಇಳಿದಂತೆ ಮೀನು ಅಲ್ಲಿಗೆ ಬರುತ್ತದೆ.

ಹೊಳೆಯ ತಿರುವಿನಲ್ಲಿ ಗುಡ್ಡದಿಂದ ಉರುಳಿ ಬಿದ್ದ ಬಂಡೆಗಳು, ದ್ವೀಪದ ಮೂಗು ಮತ್ತು ಬಾಲ, ವಾಟರ್ ವಿಲೋ ಎಂಬ ದಂಡೆಹುಲ್ಲಿನ ಆಳದ ಬದಿ, ಹಳ್ಳ ಬಂದು ಸೇರುವ ಬಾಯಿ, ಇವೂ ಇದೇ ಲೆಕ್ಕಕ್ಕೆ ಬರುತ್ತವೆ. ಪೊಟೊಮ್ಯಾಕ್‌ನಲ್ಲೂ ಶೆನಂಡೋವಾದಲ್ಲೂ ಹಿಂದಿನವರು ಮೀನು ಹಿಡಿಯಲು ಕಲ್ಲು ಪೇರಿಸಿ ಕಟ್ಟಿದ ವಿ ಆಕಾರದ ಒಡ್ಡುಗಳ ಸಾಲು ಇನ್ನೂ ಉಳಿದಿವೆ. ವಿ ಮೊನೆಯ ಕಂಡಿ ಇವತ್ತಿಗೂ ಮೀನಿನ ಜಾಗವೇ.

ಮನೆಯಲ್ಲಿ ಕೂತು ಹುಡುಕುವುದು

ಅರ್ಧ ಕೆಲಸ ಕಂಪ್ಯೂಟರ್ ಮುಂದೆಯೇ ಮುಗಿಯುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳನ್ನೂ ನೋಡಬಹುದು. ಸೆಪ್ಟೆಂಬರ್ ಸುಮಾರಿಗೆ ತೆಗೆದ, ನೀರು ಇಳಿದಿರುವ ಚಿತ್ರ ಹುಡುಕಿ. ನಮ್ಮೂರ ಹೊಳೆ ಶ್ರಾವಣದಲ್ಲಿ ದಂಡೆ ತುಂಬಿದರೆ ಇಲ್ಲಿಯ ಹೊಳೆ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಎಲ್ಲಕ್ಕಿಂತ ಬಡವಾಗಿರುತ್ತದೆ. ತಿಳಿಯಾದ ಆ ಚಿತ್ರದಲ್ಲಿ ಬಿಳಿ ಗೀರುಗಳು ರಿಫಲ್. ಹೊಳೆಗೆ ಅಡ್ಡ ಎಳೆದ ಕಪ್ಪು ಗೆರೆಗಳು ಬಂಡೆಸಾಲು. ಕಡುಹಸಿರು ಭಾಗ ಆಳ, ತಿಳಿ ಕಂದು ಭಾಗ ತೆಳು ಜಲ್ಲಿ. ಒಂದು ಮೈಲಿ ಉದ್ದದಲ್ಲಿ ಗೀರು, ಆಳ, ಗೀರು, ಆಳ ಎಂದು ಪದೇ ಪದೇ ಬರುವ ಭಾಗ ಆರಿಸಿ. ಎರಡು ಮೈಲಿ ಒಂದೇ ಬಣ್ಣ ಇದ್ದರೆ ಅದನ್ನು ಬಿಡಿ.

ಅನುಮಾನವಿದ್ದರೆ ಅಮೆರಿಕ ಸರ್ಕಾರದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ, ನೆಲದ ಎತ್ತರ ತೋರಿಸುವ ಟೊಪೊ ನಕ್ಷೆ ತೆಗೆಯಿರಿ, ಹಣ ಕೊಡಬೇಕಿಲ್ಲ. ಎತ್ತರದ ಗೆರೆಗಳು ಹೊಳೆಯನ್ನು ದಾಟುವ ಎರಡು ಜಾಗ ಗುರುತಿಸಿ, ನಡುವಿನ ದೂರವನ್ನು ಹೊಳೆಯ ಬಳಸುದಾರಿಯಲ್ಲೇ ಅಳೆಯಿರಿ. ಇಪ್ಪತ್ತು ಅಡಿ ಇಳಿತಕ್ಕೆ ಮೂರು ಮೈಲಿ ಆದರೆ ಮೈಲಿಗೆ ಸುಮಾರು ಏಳು ಅಡಿ. ಮೈಲಿಗೆ ನಾಲ್ಕರಿಂದ ಇಪ್ಪತ್ತೈದು ಅಡಿ ಇಳಿಯುವ ಹೊಳೆ ಸ್ಮಾಲ್‌ಮೌತ್‌ಗೆ ಒಗ್ಗುತ್ತದೆ. ಅದಕ್ಕಿಂತ ಸಪಾಟಾದರೆ ಕೆಸರು ಕೂರುತ್ತದೆ, ಹೆಚ್ಚು ಕಡಿದಾದರೆ ನಿಲ್ಲುವ ಜಾಗ ಉಳಿಯುವುದಿಲ್ಲ. ಒಂದು ದಂಡೆಯಲ್ಲಿ ಎತ್ತರದ ಗೆರೆಗಳು ಒತ್ತೊತ್ತಾಗಿ ನೀರಿಗೆ ತಾಗಿದ್ದರೆ ಅಲ್ಲಿ ಬಂಡೆಗೋಡೆ, ಅದರ ಬುಡದಲ್ಲಿ ಆಳ.

ಒಂದು ವಿಷಯದಲ್ಲಿ ಹೊಸಬರು ಎಡವುತ್ತಾರೆ. ಶೆನಂಡೋವಾ ಹರಿಯುವುದು ಉತ್ತರಕ್ಕೆ. ನಕ್ಷೆಯಲ್ಲಿ ಮೇಲಿರುವ ಫ್ರಂಟ್ ರಾಯಲ್ ಹೊಳೆಯ ಕೆಳಭಾಗ, ಕೆಳಗಿರುವ ಲ್ಯೂರೇ ಮೇಲ್ಭಾಗ. ಕಯಾಕ್ ಹೊರಡುವ ಕಡೆ ಒಂದು, ದಡ ಸೇರುವ ಕಡೆ ಒಂದು ಕಾರು ನಿಲ್ಲಿಸುವಾಗ ಇದು ತಲೆಕೆಳಗಾದರೆ ಇಡೀ ದಿನ ಹಾಳು.

ಹೋಗುವ ಮುನ್ನ ನೀರಿನ ಮಟ್ಟ

ಯುಎಸ್‌ಜಿಎಸ್ ಈ ಹೊಳೆಯ ಮೇಲೆ ಲಿನ್‌ವುಡ್, ಲ್ಯೂರೇ, ಫ್ರಂಟ್ ರಾಯಲ್‌ಗಳಲ್ಲಿ ಮಾಪಕ ಇಟ್ಟಿದೆ. ಈ ಹೊತ್ತಿನ ಮಟ್ಟ ಅಡಿಯಲ್ಲಿ, ಹರಿವು ಸೆಕೆಂಡಿಗೆ ಘನ ಅಡಿಯಲ್ಲಿ ಕಾಣುತ್ತದೆ. ಒಂದು ಘನ ಅಡಿ ಅಂದರೆ ಇಪ್ಪತ್ತೆಂಟು ಲೀಟರಿಗೂ ಸ್ವಲ್ಪ ಹೆಚ್ಚು. ಬೆಂಟನ್‌ವಿಲ್‌ಗೆ ಹೋಗುವುದಿದ್ದರೆ ಲ್ಯೂರೇ ಮತ್ತು ಫ್ರಂಟ್ ರಾಯಲ್ ಎರಡನ್ನೂ ನೋಡಿ, ಅದು ಅವೆರಡರ ನಡುವೆ ಇದೆ.

ನೋಡಬೇಕಾದ ಅಂಕಿ ಎರಡು. ಮೊದಲನೆಯದು, ಇವತ್ತಿನ ಹರಿವು ಇದೇ ದಿನಾಂಕದ ಹಲವು ವರ್ಷಗಳ ಮೀಡಿಯನ್‌ಗೆ (ಮಧ್ಯದ ಅಂಕಿಗೆ) ಹೋಲಿಸಿದರೆ ಎಲ್ಲಿದೆ ಎಂಬುದು. ಬೇಸಿಗೆಯ ಮೀಡಿಯನ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಾಯಲು ಯೋಗ್ಯ. ಎರಡು ಪಟ್ಟು ಇದ್ದರೆ ನಿಮ್ಮಂಥ ಹೊಸಬರು ನೀರಿಗೆ ಇಳಿಯಬಾರದು. ಎರಡನೆಯದು, ಗ್ರಾಫ್ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು. ಏರುವ ನೀರು ಕಸಕಡ್ಡಿ, ಕೆಸರು ಹೊತ್ತು ತರುತ್ತದೆ, ನೀವು ದಾಟಿದ ದಾರಿಯನ್ನೂ ಹಿಂದೆಯೇ ಮುಚ್ಚುತ್ತದೆ. ಇಳಿಯುತ್ತಾ ತಿಳಿಯಾಗುವ ನೀರು ಬಹಳ ಒಳ್ಳೆಯದು, ಹಸಿರುಛಾಯೆಯಲ್ಲಿ ಎರಡು ಮೂರು ಅಡಿ ತಳ ಕಂಡರೆ ಆ ದಿನ ಹೊರಡಿ. ಬೆಂಟನ್‌ವಿಲ್‌ನಲ್ಲಿ ಬಿಸಿಲಿದ್ದರೂ ಮೇಲಿನ ಹ್ಯಾರಿಸನ್‌ಬರ್ಗ್ ಕಡೆ ಗುಡುಗುಮಳೆ ಸುರಿದಿರಬಹುದು. ಆ ನೀರು ಮೊದಲು ಲಿನ್‌ವುಡ್ ಮಾಪಕದಲ್ಲಿ ಕಾಣಿಸಿ, ಎಷ್ಟೋ ಗಂಟೆ ಬಿಟ್ಟು ಕೆಳಗೆ ಬರುತ್ತದೆ. ಹೊರಡುವ ಮುನ್ನ ಅದನ್ನೂ ಒಮ್ಮೆ ನೋಡಿ. ಪ್ರತಿ ಸಲ ಹೋದಾಗ ಮಾಪಕದ ಅಂಕಿ, ನೀರಿನ ಬಿಸಿ, ಮೀನು ಕಚ್ಚಿದ ಜಾಗ ಮೂರನ್ನೂ ಬರೆದಿಡಿ. ಒಂದೆರಡು ಬೇಸಿಗೆಯಲ್ಲಿ ಅದು ನಿಮ್ಮದೇ ಸ್ಪಾಟ್ ಪಟ್ಟಿಯಾಗುತ್ತದೆ.

ಹಾಯುವುದೋ, ಕಯಾಕೋ

ಕಯಾಕ್ ಹೆಚ್ಚು ಸುರಕ್ಷಿತ ಎಂಬ ನಿಮ್ಮ ಮನೆಯವರ ಅಭಿಪ್ರಾಯ ಅರ್ಥವಾಗುತ್ತದೆ. ಆದರೆ ಎರಡರ ಅಪಾಯಗಳೂ ಬೇರೆ ಬೇರೆ. ಈಜು ಅಷ್ಟಕ್ಕಷ್ಟೇ ಇರುವವರಿಗೆ ಕಡಿಮೆ ನೀರಿನ ದಿನ, ಪರಿಚಯದ ಜಾಗದಲ್ಲಿ, ಮೊಣಕಾಲವರೆಗೆ ಹಾಯುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಬೇಡವೆನಿಸಿದಾಗ ತಿರುಗಿ ಬರಬಹುದು. ಕಯಾಕ್‌ನಲ್ಲಿ ಸೆಳವಿಗೆ ಇಳಿದ ಮೇಲೆ ಮುಂದಿನ ಲ್ಯಾಂಡಿಂಗ್‌ವರೆಗೆ (ದೋಣಿ ಹತ್ತಿ ಇಳಿಯುವ ಜಾಗದವರೆಗೆ) ಹೋಗಿಯೇ ತೀರಬೇಕು.

ನೀವು ಜಾರಿದ್ದು ಬಹುಶಃ ಚಪ್ಪಲಿ ಅಥವಾ ಸಾಧಾರಣ ಶೂನಿಂದ. ಪಾಚಿಗಟ್ಟಿದ ಬಂಡೆಗೆ ಟಂಗ್‌ಸ್ಟನ್ ಮೊಳೆ ಹಾಕಿದ ರಬ್ಬರ್ ಸೋಲಿನ ವೇಡಿಂಗ್ ಬೂಟು ಬೇಕು. ಫೆಲ್ಟ್ ಸೋಲ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಒಂದು ಹೊಳೆಯ ಪಾಚಿಯನ್ನು ಇನ್ನೊಂದಕ್ಕೆ ಒಯ್ಯುತ್ತದೆ ಎಂದು ಮೇರಿಲ್ಯಾಂಡ್ 2011ರಲ್ಲೇ ಅದನ್ನು ನಿಷೇಧಿಸಿದೆ. ನೀವು ಮೇರಿಲ್ಯಾಂಡ್ ಕಡೆಯ ಪೊಟೊಮ್ಯಾಕ್‌ಗೂ ಹೋಗುವುದಾದರೆ ಕೊಳ್ಳಬೇಡಿ. ಕೈಯಲ್ಲೊಂದು ಗಟ್ಟಿ ಕೋಲಿರಲಿ. ಅದನ್ನು ಮೇಲ್ದಿಕ್ಕಿಗೆ ಊರಿ, ಪಕ್ಕಕ್ಕೆ ತಿರುಗಿ, ಕಾಲು ಎತ್ತದೆ ತಳ ಸವರುತ್ತಾ ಹೆಜ್ಜೆ ಇಡಿ. ಕೋಲು ಮತ್ತು ಎರಡು ಕಾಲು, ಈ ಮೂರರಲ್ಲಿ ಎರಡು ಯಾವಾಗಲೂ ನೆಲದಲ್ಲಿರಬೇಕು.

ಇಳಿಯಬಹುದೇ ಎಂದು ತಿಳಿಯಲು ಹೊಳೆಯ ಹರಿವು ಅಳೆಯುವ ಸಿಬ್ಬಂದಿ ಬಳಸುವ ಲೆಕ್ಕವೊಂದಿದೆ. ಆಳವನ್ನು ಅಡಿಯಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಯಲ್ಲಿ ತೆಗೆದು ಗುಣಿಸಿ. ಹತ್ತು ಬಂದರೆ ಇಳಿಯಬಾರದು. ವೇಗ ತಿಳಿಯಲು ದಂಡೆಯಲ್ಲಿ ಹತ್ತು ಅಡಿ ಗುರುತು ಮಾಡಿ, ಕಡ್ಡಿ ತೇಲಿಬಿಟ್ಟು ಸೆಕೆಂಡು ಎಣಿಸಿ. ಐದು ಸೆಕೆಂಡಾದರೆ ವೇಗ ಎರಡು ಅಡಿ, ಎರಡೂವರೆ ಸೆಕೆಂಡಾದರೆ ನಾಲ್ಕು ಅಡಿ. ಎರಡಡಿ ಆಳಕ್ಕೆ ಎರಡಡಿ ವೇಗ ಅಂದರೆ ನಾಲ್ಕು, ನಿಲ್ಲಬಹುದು. ಮೂರಡಿ ಆಳಕ್ಕೆ ನಾಲ್ಕಡಿ ವೇಗ ಅಂದರೆ ಹನ್ನೆರಡು, ಕಾಲು ಕಿತ್ತುಹೋಗುತ್ತದೆ. ಈ ಲೆಕ್ಕ ಅನುಭವಿ ವಯಸ್ಕರಿಗೆ. ನೀವು ಆರಕ್ಕೇ ನಿಲ್ಲಿ.

ಬಿದ್ದು ಕೊಚ್ಚಿಹೋದರೆ ನೀರಿನ ನಡುವೆ ಎದ್ದು ನಿಲ್ಲಲು ನೋಡಬೇಡಿ. ಬಂಡೆಯ ಸಂದಿಯಲ್ಲಿ ಪಾದ ಸಿಕ್ಕಿಕೊಂಡರೆ ಸೆಳವು ಮೈಯನ್ನು ಮುಂದಕ್ಕೆ ಮಡಚಿ ತಲೆಯನ್ನು ನೀರಿನೊಳಗೆ ಒತ್ತುತ್ತದೆ. ತೊಡೆಮಟ್ಟದ ನೀರಿನಲ್ಲೂ ಜನ ಸತ್ತಿರುವುದು ಹೀಗೆ. ಬೆನ್ನ ಮೇಲೆ ತೇಲಿ, ಪಾದಗಳನ್ನು ನೀರು ಹೋಗುವ ದಿಕ್ಕಿಗೆ ಚಾಚಿ ಮೇಲೆತ್ತಿ ಹಿಡಿದು, ಕೈಯಿಂದ ಓರೆಯಾಗಿ ದಂಡೆಯತ್ತ ನೂಕಿಕೊಳ್ಳಿ. ಬೆನ್ನು ತಳಕ್ಕೆ ತಾಗುವಷ್ಟು ತೆಳು ನೀರು ಬಂದ ಮೇಲೆ ಏಳಿ. ಲೈಫ್ ಜಾಕೆಟ್ ಹಾಯುವಾಗಲೂ ಮೈಮೇಲಿರಲಿ.

ಕಯಾಕ್ ಕೊಳ್ಳುವ ಅವಸರ ಬೇಡ. ಲ್ಯೂರೇ, ಬೆಂಟನ್‌ವಿಲ್, ಫ್ರಂಟ್ ರಾಯಲ್‌ಗಳಲ್ಲಿ ಬಾಡಿಗೆಗೆ ಕೊಟ್ಟು, ಮೇಲಿನ ಲ್ಯಾಂಡಿಂಗ್‌ಗೆ ಬಿಟ್ಟು ಬರುವವರಿದ್ದಾರೆ. ಒಂದು ಬೇಸಿಗೆ ಬಾಡಿಗೆಯಲ್ಲೇ ಕಳೆಯಿರಿ. ಕೊಳ್ಳುವುದಾದರೆ ಹತ್ತರಿಂದ ಹನ್ನೆರಡು ಅಡಿಯ ಸಿಟ್-ಆನ್-ಟಾಪ್ ತೆಗೆದುಕೊಳ್ಳಿ. ಮಗುಚಿದರೂ ಒಳಗೆ ನೀರು ತುಂಬುವುದಿಲ್ಲ, ಮತ್ತೆ ಹತ್ತಬಹುದು. ಮೊದಲು ಈಜಲು ಬಿಡುವ ಕೆರೆಯಲ್ಲಿ ಬೇಕೆಂದೇ ಮಗುಚಿ ಹತ್ತುವುದನ್ನು ಕಲಿಯಿರಿ. ಮೀನು ಹಿಡಿಯುತ್ತಾ ಹೋಗುವವರಿಗೆ ದಿನಕ್ಕೆ ಐದಾರು ಮೈಲಿ ಧಾರಾಳ. ಹತ್ತು ಮೈಲಿ ಇಟ್ಟುಕೊಂಡವರು ಒಳ್ಳೆಯ ನೀರನ್ನೆಲ್ಲ ಹುಟ್ಟು ಹಾಕುತ್ತಲೇ ದಾಟಿ, ಕತ್ತಲಲ್ಲಿ ದಡ ಸೇರುತ್ತಾರೆ.

ಹೊಳೆಯಲ್ಲಿ ಕಯಾಕ್‌ನ ಪಕ್ಕಕ್ಕೆ ಲಂಗರು ಕಟ್ಟಬೇಡಿ. ಕಲ್ಲಿಗೆ ಸಿಕ್ಕಿದ ಕ್ಷಣ ಸೆಳವು ದೋಣಿಯನ್ನು ಅಡ್ಡ ತಿರುಗಿಸಿ ಮಗುಚುತ್ತದೆ. ಕಯಾಕನ್ನು ವಾಹನವಾಗಿ ಬಳಸಿ, ಬಂಡೆಸಾಲಿನ ಮೇಲ್ಭಾಗದಲ್ಲೇ ದಂಡೆಗೆ ಎಳೆದಿಟ್ಟು, ಇಳಿದು ಹಾಯ್ದು ಹಿಡಿಯುವುದು ಉತ್ತಮ. ಇಲ್ಲಿ ಎರಡು ಸಂಗತಿ ಪ್ರಾಣಕ್ಕೆ ಎರವಾಗುತ್ತವೆ. ಒಂದು, ದಂಡೆಯಿಂದ ನೀರಿಗೆ ಬಾಗಿ ಬಿದ್ದ ಮರ. ನೀರು ಕೊಂಬೆಗಳ ನಡುವೆ ಸೋಸಿ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ತಿರುವಿನ ಹೊರದಂಡೆಯಲ್ಲಿ ಇವು ಹೆಚ್ಚು, ಒಳದಂಡೆ ಹಿಡಿದು ಹೋಗಿ. ಇನ್ನೊಂದು, ಸಣ್ಣ ಅಣೆಕಟ್ಟು. ಸೌತ್ ಫೋರ್ಕ್‌ನಲ್ಲಿ ಶೆನಂಡೋವಾ ಪಟ್ಟಣ, ನ್ಯೂಪೋರ್ಟ್, ಲ್ಯೂರೇ ಬಳಿ ಇವೆ. ಮೇಲಿನಿಂದ ಬರುವಾಗ ನೀರು ಸಮತಟ್ಟಾದ ಗೆರೆಯಂತೆ ಕಾಣುತ್ತದೆ, ಕೆಳಗೆ ಸುರುಳಿ ಸುತ್ತುವ ನೀರು ಬಿದ್ದವರನ್ನು ಹೊರಗೆ ಬಿಡುವುದಿಲ್ಲ. ಬೆಂಟನ್‌ವಿಲ್ ಮೇಲಿನ ಕಾಂಪ್ಟನ್ ರ‍್ಯಾಪಿಡ್ ಎಂಬ ರಭಸದ ಇಳುಕಲೂ ಮೊದಲ ಸಲದವರಿಗೆ ತಕ್ಕುದಲ್ಲ. ನೀವು ಬೆಂಟನ್‌ವಿಲ್‌ನಿಂದ ಕೆಳಕ್ಕೆ ಹೊರಡಿ. ಪೊಟೊಮ್ಯಾಕ್‌ನಲ್ಲಿ ಗ್ರೇಟ್ ಫಾಲ್ಸ್‌ನಿಂದ ಲಿಟಲ್ ಫಾಲ್ಸ್‌ವರೆಗಿನ ನೀರಿಗೆ ಇಳಿಯುವ ಯೋಚನೆಯನ್ನೇ ಮಾಡಬೇಡಿ.

ಎಲ್ಲಿ ಇಳಿಯಬಹುದು

ಸೇತುವೆ ಇದ್ದ ಮಾತ್ರಕ್ಕೆ ಇಳಿಯುವ ಹಕ್ಕು ಬರುವುದಿಲ್ಲ. ವರ್ಜೀನಿಯಾದಲ್ಲಿ ಬ್ರಿಟಿಷ್ ದೊರೆಯ ಕಾಲದ ದಾನಪತ್ರದ ಮೇಲೆ ಹೊಳೆಯ ತಳವೇ ಖಾಸಗಿ ಸ್ವತ್ತಾಗಿರುವ ಕಡೆಗಳಿವೆ. ಜಾಕ್ಸನ್ ನದಿಯ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 1996ರಲ್ಲಿ ಆ ಹಕ್ಕನ್ನು ಎತ್ತಿಹಿಡಿಯಿತು. ನಿಮಗೆ ಅನುಮಾನವಿಲ್ಲದ ಜಾಗಗಳೇ ಸಾಕಷ್ಟಿವೆ. ಬೆಂಟನ್‌ವಿಲ್ ಪಕ್ಕದ ಶೆನಂಡೋವಾ ರಿವರ್ ಸ್ಟೇಟ್ ಪಾರ್ಕ್‌ಗೆ ಐದು ಮೈಲಿಗೂ ಹೆಚ್ಚು ಹೊಳೆದಂಡೆ ಇದೆ. ಪಾರ್ಕಿಂಗ್ ಶುಲ್ಕ ಕೊಟ್ಟರೆ ಇಡೀ ದಿನ ಹಾಯಬಹುದು. ರಾಜ್ಯದ ವನ್ಯಜೀವಿ ಇಲಾಖೆ ಡಿಡಬ್ಲ್ಯುಆರ್ ತನ್ನ ಲ್ಯಾಂಡಿಂಗ್‌ಗಳ ಪಟ್ಟಿ ಕೊಡುತ್ತದೆ. ಪೊಟೊಮ್ಯಾಕ್‌ಗಾದರೆ ಪಾಯಿಂಟ್ ಆಫ್ ರಾಕ್ಸ್‌ನಲ್ಲಿ ಸೇತುವೆ ದಾಟಿ ಮೇರಿಲ್ಯಾಂಡ್ ಕಡೆಗೆ ಬನ್ನಿ. ಅಲ್ಲಿ ಸಿ ಅಂಡ್ ಓ (ಚೆಸಪೀಕ್ ಅಂಡ್ ಓಹಾಯೋ) ಕಾಲುವೆಯ ಹಳೆಯ ದಾರಿ ಜಾರ್ಜ್‌ಟೌನ್‌ನಿಂದ ಕಂಬರ್ಲೆಂಡ್‌ವರೆಗೆ 184.5 ಮೈಲಿ ಹೊಳೆಯ ಪಕ್ಕದಲ್ಲೇ ಹೋಗುತ್ತದೆ. ಸೈಕಲ್ ಇದ್ದರೆ ಕಾರಿನವರು ಬಾರದ ಬಂಡೆಸಾಲುಗಳು ನಿಮ್ಮವು. ಹೊಳೆ ದೊಡ್ಡದು, ಬೇಸಿಗೆಯ ಕಡಿಮೆ ನೀರಿನಲ್ಲಷ್ಟೇ ಹಾಯಿರಿ. ಹದಿನಾರು ತುಂಬಿದವರಿಗೆ ಲೈಸೆನ್ಸ್ ಕಡ್ಡಾಯ. ಅಳತೆ, ಸಂಖ್ಯೆಯ ನಿಯಮ ಹೊಳೆಯ ಭಾಗಭಾಗಕ್ಕೂ ಬೇರೆ ಇರುವುದರಿಂದ ಆಯಾ ವರ್ಷದ ನಿಯಮ ಓದಿಕೊಂಡೇ ಹೋಗಿ.

ಮೇ ತಿಂಗಳಲ್ಲಿ ನೀರು ಅರವತ್ತರಿಂದ ಅರವತ್ತೈದು ಡಿಗ್ರಿಗೆ ಬಂದಾಗ ಗಂಡು ಮೀನು ಜಲ್ಲಿಯಲ್ಲಿ ತಟ್ಟೆಯಗಲ ಗುಂಡಿ ಮಾಡಿ ಮೊಟ್ಟೆ ಕಾಯುತ್ತದೆ. ತಿಳಿಬಣ್ಣದ ದುಂಡು ಕಲೆ ಕಂಡರೆ ಅಲ್ಲಿ ಗಾಳ ಹಾಕಬೇಡಿ, ಕಾಲನ್ನೂ ಇಡಬೇಡಿ. ಕಾವಲಿನ ಗಂಡನ್ನು ಎತ್ತಿದ ನಿಮಿಷದೊಳಗೆ ಸನ್‌ಫಿಶ್ ಬಂದು ಮೊಟ್ಟೆಗೆ ಬಾಯಿ ಹಾಕುತ್ತವೆ. ಈ ಹೊಳೆಯಲ್ಲಿ 2004ರಿಂದ ಕೆಲವು ವರ್ಷ ಸಾಲಾಗಿ ವಸಂತದಲ್ಲಿ ಮೀನುಗಳು ಸತ್ತವು, ಸಂಖ್ಯೆ ಚೇತರಿಸಿಕೊಳ್ಳಲು ಕಾಲ ಹಿಡಿಯಿತು. ಒಂದಡಿ ಉದ್ದದ ಮೀನು ನಾಲ್ಕು ವರ್ಷದ ಆಸುಪಾಸಿನದು ಎಂಬುದು ನೆನಪಿರಲಿ.

ಮಗ ಮತ್ತು ಸಾರು

ಮಗನನ್ನು ಖಂಡಿತ ಕರೆದುಕೊಂಡು ಹೋಗಿ, ಆದರೆ ಗುಣಾಕಾರದ ಲೆಕ್ಕ ಅವನಿಗೆ ಅನ್ವಯಿಸುವುದಿಲ್ಲ. ಅವನ ಮಿತಿ ಕಣಕಾಲಿನಿಂದ ಸ್ವಲ್ಪ ಮೇಲೆ, ನಿಧಾನದ ನೀರಿನಲ್ಲಿ, ನಿಮ್ಮ ಕೈಗೆಟಕುವಷ್ಟು ಹತ್ತಿರ, ಫೋಮಿನ ಲೈಫ್ ಜಾಕೆಟ್ ತೊಟ್ಟು. ನೀವು ಅವನ ಕೆಳದಿಕ್ಕಿಗೆ ನಿಂತಿರಬೇಕು. ಅವನ ಜೊತೆಗಿದ್ದ ದಿನ ನಿಮ್ಮ ಗಾಳ ಕಾರಿನಲ್ಲೇ ಇರಲಿ. ಬೇಸಿಗೆಯಲ್ಲಿ ಬಂಡೆಗಳ ಮೇಲೆ ಕಡುಹಸಿರು ಅಥವಾ ಕಪ್ಪು ಚಾಪೆಯಂಥ ಪಾಚಿ ಹಬ್ಬಿದ್ದರೆ ಅವನನ್ನು ಇಳಿಸಬೇಡಿ. 2021ರಲ್ಲಿ ಶೆನಂಡೋವಾದ ಇನ್ನೊಂದು ಕವಲು ನಾರ್ತ್ ಫೋರ್ಕ್‌ನಲ್ಲಿ ಇಂಥ ವಿಷಪಾಚಿಗಾಗಿ ಆರೋಗ್ಯ ಇಲಾಖೆ ಮೈಲಿಗಟ್ಟಲೆ ಎಚ್ಚರಿಕೆ ಹೊರಡಿಸಬೇಕಾಯಿತು.

ಸೌತ್ ಫೋರ್ಕ್‌ನ ಮೀನಿನ ಸಾರು ಬೇಡ. ವೇನ್ಸ್‌ಬರೋದ ಡ್ಯುಪಾಂಟ್ ಕಾರ್ಖಾನೆಯಲ್ಲಿ 1929ರಿಂದ 1950ರವರೆಗೆ ಬಳಸಿದ ಪಾದರಸ ಸೌತ್ ರಿವರ್‌ಗೆ ಸೇರಿ, ಅಲ್ಲಿಂದ ಸೌತ್ ಫೋರ್ಕ್‌ಗೆ ಇಳಿದಿದೆ. ಅದು ದಂಡೆಯ ಮಣ್ಣಿನಲ್ಲಿ ಇವತ್ತಿಗೂ ಉಳಿದಿದೆ. ಸಣ್ಣ ಹುಳದಿಂದ ಕ್ರೇಫಿಶ್‌ಗೆ, ಅಲ್ಲಿಂದ ಬಾಸ್‌ಗೆ ಏರುತ್ತಾ ಅದರ ಸಾಂದ್ರತೆ ಹೆಚ್ಚುತ್ತದೆ. ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಇರುವುದು ಕೊಬ್ಬಿನಲ್ಲಲ್ಲ, ಮಾಂಸದಲ್ಲೇ. ವರ್ಜೀನಿಯಾ ಆರೋಗ್ಯ ಇಲಾಖೆ ಯಾವ ಹೊಳೆಯ ಯಾವ ಮೀನನ್ನು ತಿಂಗಳಿಗೆ ಎಷ್ಟು ಊಟಕ್ಕೆ ಮಿತಿಗೊಳಿಸಬೇಕು ಎಂದು ಪಟ್ಟಿ ಕೊಡುತ್ತದೆ. ಮಕ್ಕಳು, ಗರ್ಭಿಣಿಯರು, ಮೊಲೆಯುಣಿಸುವ ತಾಯಂದಿರಿಗೆ ಮಿತಿ ಇನ್ನೂ ಬಿಗಿ. ನಿಮ್ಮ ಮಗನಿಗಂತೂ ಈ ಹೊಳೆಯದು ಕೊಡಬೇಡಿ. ಹಿಡಿದ ಬಾಸನ್ನು ಒದ್ದೆ ಕೈಯಲ್ಲಿ ಹಿಡಿದು, ಮುಳ್ಳು ಚಪ್ಪಟೆ ಮಾಡಿದ ಗಾಳ ಇಕ್ಕಳದಲ್ಲಿ ತೆಗೆದು, ಮೂತಿ ಮೇಲ್ದಿಕ್ಕಿಗೆ ಮಾಡಿ ನೀರಿನಲ್ಲೇ ಹಿಡಿದುಕೊಳ್ಳಿ. ಬಾಲ ಬೀಸಿ ತಾನೇ ಹೊರಡುವವರೆಗೆ ಕೈ ಸಡಿಲಿಸಬೇಡಿ.